ಸ್ಟಾರ್ಟರ್ ಸಿಮ್ಯುಲೇಟರ್: 0 ವೋಲ್ಟ್ ನನಗೆ ಕೈಕೊಟ್ಟಿದ್ದು ಎಲ್ಲಿ

ಮೋಟಾರ್ ಸ್ಟಾರ್ಟರ್ ಸಿಮ್ಯುಲೇಟರ್‌ನಲ್ಲಿ (ಸ್ಟಾರ್ಟರಿನ ದೋಷ ಹುಡುಕುವ ಅಭ್ಯಾಸಕ್ಕೆ ಇರುವಂಥದ್ದು) ಮೂರು ಸಲ ಫೇಲಾದ ಮೇಲೆ ಬರೆದುಕೊಂಡಿದ್ದು ಇದು. ಬಟನ್‌ಗಳು ಏನು ಮಾಡುತ್ತವೆ ಅಂತ ಹೇಳುತ್ತಾ ಕೂರುವುದಿಲ್ಲ.

ಕಂಟ್ರೋಲ್ ಸರ್ಕ್ಯೂಟ್ 230 ವೋಲ್ಟಿನದು. ಫೇಸ್‌ನಿಂದ ಫ್ಯೂಸ್, ಓವರ್‌ಲೋಡ್ ರಿಲೇಯ (ಮೋಟಾರ್ ಹೆಚ್ಚು ಕರೆಂಟ್ ಎಳೆದರೆ ಟ್ರಿಪ್ ಆಗುವುದು) 95-96 ಟರ್ಮಿನಲ್‌ಗಳ ಕಾಂಟ್ಯಾಕ್ಟ್, ಸ್ಟಾಪ್, ಸ್ಟಾರ್ಟ್, ಕಾಂಟ್ಯಾಕ್ಟರಿನ (ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್) ಕಾಯಿಲ್, ಅದರ ತುದಿಗಳು ಎ1-ಎ2, ಆಮೇಲೆ ನ್ಯೂಟ್ರಲ್. ದೂರು: ಸ್ಟಾರ್ಟ್ ಒತ್ತಿದರೂ ಕಾಂಟ್ಯಾಕ್ಟರ್ ಎಳೆಯುತ್ತಿಲ್ಲ.

ಸ್ಟಾರ್ಟ್ ಒತ್ತಿ ಹಿಡಿದು ಸ್ಟಾಪ್ ಬಟನ್ನಿನ ಎರಡೂ ತುದಿಗೆ ಪ್ರೋಬ್ ಇಟ್ಟೆ. 0. ಕರೆಂಟೇ ಬರ್ತಿಲ್ಲ, ಸ್ಟಾಪ್ ಹೋಗಿದೆ ಅಂತ ಅದನ್ನು ಬದಲಾಯಿಸಿದೆ. ಅಂಕ ಕಟ್. 95-96ರಲ್ಲಿ 230 ತೋರಿಸಿತು. ಇದು ಸರಿಯಿದೆ ಅಂತ ಮುಂದೆ ಹೋದೆ. ತೊಂದರೆ ಇದ್ದದ್ದೇ ಅಲ್ಲಿ!

ಮೀಟರ್ ತೋರಿಸುವುದು ಎರಡು ತುದಿಗಳ ನಡುವಿನ ವ್ಯತ್ಯಾಸ ಅಷ್ಟೇ. ಕೂಡಿರುವ ಕಾಂಟ್ಯಾಕ್ಟ್ ಅಂದರೆ ಒಂದು ತುಂಡು ವೈರ್ ಇದ್ದಂತೆ. ಎರಡೂ ಕಡೆ ಒಂದೇ ವೋಲ್ಟೇಜ್, ವ್ಯತ್ಯಾಸ 0. ಬಿಟ್ಟುಕೊಂಡಿರುವ ಕಾಂಟ್ಯಾಕ್ಟಿನ ಒಂದು ಕಡೆ ಫೇಸ್, ಇನ್ನೊಂದು ಕಡೆ ಕಾಯಿಲ್ ಮೂಲಕ ನ್ಯೂಟ್ರಲ್. ಕರೆಂಟ್ ಹರಿಯದ ಕಾರಣ ಕಾಯಿಲ್‌ನಲ್ಲಿ ವೋಲ್ಟೇಜ್ ಬೀಳುವುದಿಲ್ಲ, ಪೂರ್ತಿ 230 ಆ ಸಂದಿನಲ್ಲೇ ಕಾಣುತ್ತದೆ. ಕಾಯಿಲ್‌ದು ಉಲ್ಟಾ: ಅದಕ್ಕೆ 230 ಸಿಕ್ಕಬೇಕು. ಸಿಕ್ಕಿಯೂ ಎಳೆಯದಿದ್ದರೆ ಅನುಮಾನ ಕಾಯಿಲ್ ಮೇಲೆ.

ಹಾಗಂತ 0 ಬಂದರೆ ಕಾಂಟ್ಯಾಕ್ಟ್ ಚೆನ್ನಾಗಿದೆ ಅಂತಲೂ ಅಲ್ಲ. ಫ್ಯೂಸ್ ಹೋಗಿದ್ದರೆ ಮುಂದಿನ ಎಲ್ಲದರ ಮೇಲೂ 0. ನಾನು ಎರಡನೇ ಸಲ ಬಿದ್ದದ್ದು ಇಲ್ಲೇ.

ಈಗ ನನ್ನ ಅಚ್ಚುಮೆಚ್ಚಿನ ದಾರಿ: ಕಪ್ಪು ಪ್ರೋಬ್ ಸಪ್ಲೈ ನ್ಯೂಟ್ರಲ್ ಮೇಲೆ ಕದಲದಂತೆ ಇಡುವುದು. ಎ2 ಮೇಲೆ ಬೇಡ; ನ್ಯೂಟ್ರಲ್ ವೈರೇ ಕಡಿದಿದ್ದರೆ ಎಲ್ಲವೂ ಸತ್ತಂತೆ ಕಾಣುತ್ತದೆ. ಕೆಂಪು ಪ್ರೋಬ್ ಮಧ್ಯದಿಂದ ಶುರು. ಸ್ಟಾಪ್ ದಾಟಿದ ಮೇಲೆ 0, ಅಂದರೆ ತೊಂದರೆ ಹಿಂದೆ. ಫ್ಯೂಸ್ ದಾಟಿ 230. 96ರಲ್ಲಿ 0. ಮೂರೇ ಅಳತೆ, 95-96 ಸಿಕ್ಕಿಬಿತ್ತು. ಸಿಮ್ಯುಲೇಟರ್ ಪ್ರತಿ ಅಳತೆಯನ್ನೂ ಎಣಿಸುತ್ತದೆ, ಅಲ್ವಾ?

ಸ್ಟಾರ್ಟ್ ಬಿಟ್ಟ ತಕ್ಷಣ ನಿಂತರೆ ಕಾಂಟ್ಯಾಕ್ಟರಿನ 13-14 ಹೋಲ್ಡಿಂಗ್ ಕಾಂಟ್ಯಾಕ್ಟ್ (ಸ್ಟಾರ್ಟ್ ಬಿಟ್ಟ ಮೇಲೂ ಕಾಯಿಲ್‌ಗೆ ಕರೆಂಟ್ ಉಳಿಸುವುದು) ನೋಡಿ. ಓಮ್ಸ್‌ನಲ್ಲಿ ಅಳೆಯುವ ಮುನ್ನ ಸಪ್ಲೈ ಆಫ್ ಮಾಡಿ.

ಮೂರನೇ ಸಲ ಫೇಲಾದದ್ದಕ್ಕೆ ನನ್ನ ಆತುರವೇ ಕಾರಣ. ಓವರ್‌ಲೋಡ್ ರಿಲೇ ಟ್ರಿಪ್ ಆಗಿದ್ದನ್ನು ಕಂಡುಹಿಡಿದು, ಕಾರಣ ನೋಡದೆ ಸುಮ್ನೆ ರೀಸೆಟ್ ಒತ್ತಿದೆ. ಮೋಟಾರ್ ಗುಂಯ್ ಅಂದಿತು, ತಿರುಗಲಿಲ್ಲ, ಮತ್ತೆ ಟ್ರಿಪ್. ಕ್ಲ್ಯಾಂಪ್ ಮೀಟರ್ (ವೈರ್ ಸುತ್ತ ಹಾಕಿ ಕರೆಂಟ್ ಅಳೆಯುವುದು) ಹಾಕಿದರೆ ಎರಡು ಫೇಸ್‌ನಲ್ಲಿ ಕರೆಂಟ್ ಜಾಸ್ತಿ, ಮೂರನೆಯದರಲ್ಲಿ 0. ಪವರ್ ಸರ್ಕ್ಯೂಟಿನ ಒಂದು ಫ್ಯೂಸ್ ಹೋಗಿತ್ತು.