ಉದ್ದಿಲ್ಲದ ಪಡ್ಡು

ಉತ್ತರ ನೈಜೀರಿಯಾದ ಹೌಸಾ ಜನರ ಬೆಳಗಿನ ತಿಂಡಿ ‘ಮಾಸಾ’. ‘ವೈನಾ’ ಅಂತಲೂ ಕರೆಯುತ್ತಾರೆ. ಚಿತ್ರ ತೋರಿಸಿದರೆ ನಮ್ಮವರು ಕೇಳುವುದು ಒಂದೇ: “ಇದು ಪಡ್ಡು ಅಲ್ವಾ?” ಗುಳಿ ಗುಳಿಯಾದ ಹಂಚೂ ಹೆಚ್ಚುಕಡಿಮೆ ನಮ್ಮದೇ, ಅವರ ಬಾಯಲ್ಲಿ ಅದು ‘ತಂಡಾ’.

ಹುದುಗಿನ ಆಹಾರವೇ ನನ್ನ ಕಸುಬಾದ್ದರಿಂದ ನನ್ನ ಕಣ್ಣು ಹೋಗುವುದು ಹಿಟ್ಟಿನ ಕಡೆಗೆ. ಅದರಲ್ಲಿ ಉದ್ದೇ ಇಲ್ಲ! ಇಡ್ಲಿ ಹಿಟ್ಟಿನಲ್ಲಿ ಹುಟ್ಟುವ ಗಾಳಿಯನ್ನು ಹಿಡಿದಿಡುವುದು ಉದ್ದಿನ ಪ್ರೋಟೀನು ಮತ್ತು ಲೋಳೆ. ಬರೀ ಅಕ್ಕಿ ರುಬ್ಬಿಟ್ಟರೆ ಹುಳಿಯೇನೋ ಬರುತ್ತದೆ, ಆದರೆ ಹಿಟ್ಟು ತಳಕ್ಕಿಳಿದು ನೀರು ಮೇಲೆ ನಿಲ್ಲುತ್ತದೆ.

ಇದಕ್ಕೆ ಹೌಸಾ ಹೆಂಗಸರು ಕಂಡುಕೊಂಡ ಉಪಾಯ ಅನ್ನ. ನೆನೆಸಿದ ಅಕ್ಕಿಯಲ್ಲಿ ಒಂದು ಪಾಲನ್ನು ಮೆತ್ತಗೆ ಬೇಯಿಸಿ, ಉಳಿದದ್ದರ ಜೊತೆ ಸೇರಿಸಿ ರುಬ್ಬುತ್ತಾರೆ. ಬೆಂದು ಉಬ್ಬಿದ ಪಿಷ್ಟ ಹಿಟ್ಟನ್ನು ಗಂಜಿಯಂತೆ ಗಟ್ಟಿ ಮಾಡುತ್ತದೆ. ಯೀಸ್ಟು ಬಿಡುವ ಗಾಳಿ ಅದರೊಳಗೆ ಸಿಕ್ಕಿಬೀಳುತ್ತದೆ. ಆದರೂ ಉದ್ದಿನಷ್ಟು ಬಿಗಿ ಇದಕ್ಕಿಲ್ಲ. ಗುಳಿಯ ಆಸರೆ, ಎಣ್ಣೆಯ ಕಾವು ಬೇಕಾಗುವುದು ಅದಕ್ಕೇ: ಹೊರಪದರ ಬೇಗ ಗಟ್ಟಿಯಾಗಿ ಒಳಗಿನ ಜಾಳಿಗೆ ಉಳಿಯುತ್ತದೆ. ಇದೇ ಹಿಟ್ಟನ್ನು ಇಡ್ಲಿ ತಟ್ಟೆಗೆ ಹುಯ್ದು ಹಬೆಗಿಟ್ಟರೆ ಆ ಮೃದುತನ ನಿರೀಕ್ಷಿಸಬೇಡಿ.

ಹುಳಿ ಜಾಸ್ತಿಯಾದರೆ ನಾವು ಚಿಟಿಕೆ ಸೋಡ ಹಾಕುತ್ತೇವಲ್ಲ, ಅವರು ‘ಕನ್ವಾ’ ಎಂಬ ಖನಿಜ ಕ್ಷಾರವನ್ನು ನೀರಲ್ಲಿ ಕರಗಿಸಿ ಬೆರೆಸುತ್ತಾರೆ. ಹುಳಿ ತಗ್ಗುತ್ತದೆ, ಹಿಟ್ಟು ಉಬ್ಬುತ್ತದೆ, ಬಣ್ಣವೂ ಚೆನ್ನಾಗಿ ಕೆಂಪಗಾಗುತ್ತದೆ. ಕ್ಷಾರ ಹೆಚ್ಚಾದಷ್ಟೂ ಬಿ1 ಜೀವಸತ್ವ ಹಾಳಾಗುತ್ತದೆ ಎಂಬುದು ಬೇರೆ ಮಾತು. ಸೋಡಕ್ಕೂ ಈ ಮಾತು ಸಲ್ಲುತ್ತದೆ. ಹೋಟೆಲಿನವರಿಗೆ ಹೇಳಿ ಹೇಳಿ ಸಾಕಾಗಿದೆ.

ಉದ್ದು ಬಿಟ್ಟರೆ ಪ್ರೋಟೀನಿಗೇನು ಗತಿ? ಪ್ರೋಟೀನಿನ ಘಟಕಗಳಲ್ಲೊಂದಾದ ಲೈಸೀನ್ ಅಕ್ಕಿಯಲ್ಲಿ ಕಡಿಮೆ. ನಮ್ಮಲ್ಲಿ ಆ ಕೊರತೆಯನ್ನು ಉದ್ದು ಹಿಟ್ಟಿನಲ್ಲೇ ತುಂಬಿಕೊಡುತ್ತದೆ. ಅವರ ಲೆಕ್ಕ ಬಟ್ಟಲಲ್ಲಿದೆ. ಮಾಸಾದ ಜೋಡಿ ‘ಮಿಯಾನ್ ತೌಶೆ’, ಅಂದರೆ ಸಿಹಿಗುಂಬಳ, ಶೇಂಗಾ, ಮಾಂಸ, ಸೊಪ್ಪು ಹಾಕಿ ಕುದಿಸಿದ ಸಾರು. ಅದಕ್ಕೆ ಬೀಳುವ ಹುಳಿಸೊಪ್ಪು ‘ಯಾಕುವಾ’ ನಮ್ಮ ಪುಂಡಿಸೊಪ್ಪಿನ ಬಳಗದ್ದೇ. ಮಾಸಾವನ್ನು ಸಕ್ಕರೆಯಲ್ಲೋ ಜೇನಿನಲ್ಲೋ ಅದ್ದಿ ತಿನ್ನುವವರೂ ಇದ್ದಾರೆ; ಸಕ್ಕರೆ ಕಾಯಿಲೆಯವರಿಗೆ ಅದನ್ನು ನಾನಂತೂ ಹೇಳಲಾರೆ. ಅಂಥವರು ಸಜ್ಜೆಯ ಮಾಸಾ ಮಾಡಿನೋಡಬಹುದು. ಅದೂ ಅಲ್ಲಿನ ಹಳೆಯ ರೂಢಿಯೇ.