ಶ್ರಾವಣ ತಜ್ಞ ಅಲ್ಲ ಸ್ವಾಮಿ, ಶ್ರವಣ ತಜ್ಞ

ಕುಶಾಲನಗರದಲ್ಲಿ ಹೋದ ವಾರ ಒಂದು ಬ್ಯಾನರ್ ನೋಡಿದೆ, ‘ಶ್ರಾವಣ ತಜ್ಞರಿಂದ ಉಚಿತ ಕಿವಿ ತಪಾಸಣೆ’ ಅಂತ. ಶ್ರಾವಣಕ್ಕೆ ನಮ್ಮ ಕೊಡಗಲ್ಲಿ ತಜ್ಞರು ಯಾಕೆ ಬೇಕು, ಶೀಟ್ ಮನೆ ಮೇಲೆ ಆ ಮಳೆ ಬಿದ್ರೆ ಎಂಥ ಒಳ್ಳೆ ಕಿವಿ ಇದ್ರೂ ಏನೂ ಕೇಳ್ಸಲ್ಲ. ಅದರ ಕೆಳಗೇ ‘ಕಿವಿ ಡಾಕ್ಟರ್’ ಅಂತಾನೂ ಇತ್ತು. ಒಂದೇ ಬ್ಯಾನರಲ್ಲಿ ಎರಡು ತಪ್ಪು. ಬರೀಬೇಕಾಗಿದ್ದು ಶ್ರವಣ ತಜ್ಞ, ಇಂಗ್ಲಿಷಲ್ಲಿ ಆಡಿಯಾಲಜಿಸ್ಟು, ಅವರು ಕಿವಿ ಡಾಕ್ಟರೂ ಅಲ್ಲ.

ಶ್ರವಣ ಅಂದ್ರೆ ಕೇಳೋದು. ಶ್ರುತಿ, ಶ್ರೋತೃ ಎಲ್ಲ ಅದೇ ‘ಶ್ರು’ ಧಾತುವಿನ ಮಕ್ಕಳು. ಶ್ರವಣ ಅಂತ ಒಂದು ನಕ್ಷತ್ರಾನೂ ಇದೆ, ಹುಣ್ಣಿಮೆ ಆ ನಕ್ಷತ್ರದ ಹತ್ರ ಬರೋ ತಿಂಗಳು ಶ್ರಾವಣ, ಹಂಗಾಗಿ ಬ್ಯಾನರ್ ಬರೆದವ್ರು ಪೂರ್ತಿ ದಾರಿ ತಪ್ಪಿಲ್ಲ, ದೂರದ ನೆಂಟರ ಮನೆಗೆ ಹೋಗಿದ್ದಾರೆ ಅಷ್ಟೆ. ಶ್ರವಣಬೆಳಗೊಳದ ಶ್ರವಣ ಮಾತ್ರ ನೆಂಟ್ರೂ ಅಲ್ಲ, ಅದು ‘ಶ್ರಮಣ’ದಿಂದ ಬಂದಿದ್ದು, ಅಂದ್ರೆ ಜೈನ ಮುನಿ. ಇದನ್ನ ಎಷ್ಟು ಜನಕ್ಕೆ ಹೇಳಿದ್ದೀನೋ ಲೆಕ್ಕ ಇಲ್ಲ.

ಈ ವಿದ್ಯೆಗೆ ಇಂಗ್ಲಿಷಲ್ಲಿರೋ ಆಡಿಯಾಲಜಿ ಅನ್ನೋ ಹೆಸರು ಇನ್ನೂ ಮಜಾ, ಮುಂದಿನ ಅರ್ಧ ಲ್ಯಾಟಿನ್ನಿನ ‘ಆಡೀರೆ’ (ಕೇಳು), ಹಿಂದಿನ ಅರ್ಧ ಗ್ರೀಕಿನ ‘ಲೋಗೋಸ್’. ಈ ಬೆರಕೆ ಹೆಸರಿನ ವಿದ್ಯೆ ಬೆಳೆದಿದ್ದು 1940ರ ದಶಕದ ಅಮೆರಿಕದಲ್ಲಿ, ಎರಡನೇ ಮಹಾಯುದ್ಧದಲ್ಲಿ ಕಿವಿ ಕೆಡಿಸ್ಕೊಂಡು ವಾಪಸ್ ಬಂದ ಸೈನಿಕರನ್ನ ನೋಡ್ಕೊಳ್ತಾ ನೋಡ್ಕೊಳ್ತಾ. ಮನೆಗೊಬ್ಬ ಮಾಜಿ ಸೈನಿಕ ಇರೋ ನಮ್ಮ ಜಿಲ್ಲೆಗೇ ಈ ಪದ ಸರಿಯಾಗಿ ಗೊತ್ತಿಲ್ಲ ಅಂದ್ರೆ ಹೇಗೆ?

ಕಿವಿ ಸೋರ್ತಾ ಇದೆ, ತಮಟೆ ತೂತಾಗಿದೆ, ಆಪರೇಷನ್ ಬೇಕು ಅಂದ್ರೆ ಇಎನ್‌ಟಿ ಡಾಕ್ಟ್ರು. ಎಷ್ಟು ಕೇಳ್ಸುತ್ತೆ, ಯಾವ ಸ್ವರದಲ್ಲಿ ಕೇಳ್ಸಲ್ಲ, ಅದಕ್ಕೆ ಏನು ಮಾಡ್ಬಹುದು ಅಂತ ಅಳೆದು ನೋಡೋರು ಆಡಿಯಾಲಜಿಸ್ಟು. ಇವರು ಔಷಧಿ ಬರ್ಕೊಡಲ್ಲ. ಹಾಗಂತ ‘ಕಿವಿಗೆ ಹಾಕೋ ಮಿಷನ್ ಮಾರೋರು’ ಅಂದ್ರೆ ನಂಗೆ ಇನ್ನೂ ಸಿಟ್ಟು ಬರುತ್ತೆ. ತಲೆಸುತ್ತು ಬಂದ್ರೆ ಬ್ಯಾಲೆನ್ಸ್ ಟೆಸ್ಟ್ ಮಾಡೋದೂ ಇವರೇ, ಮಾತೇ ಬರದ ಹಸುಗೂಸಿಗೆ ಕೇಳ್ಸುತ್ತಾ ಅಂತ ನೋಡೋದೂ ಇವರೇ, ಅದೂ ಮಗು ಮಲಗಿದ್ದಾಗ್ಲೇ.

ನಮ್ಮ ಮಾವನ ಕತೆ ಹೇಳ್ತೀನಿ. ಮಿಲಿಟರಿಯಲ್ಲಿದ್ರು, ಊರಿಗೆ ಬಂದ್ಮೇಲೂ ಕೈಲ್‌ಪೊಳ್ದಿಗೆ, ಅಂದ್ರೆ ನಮ್ಮ ಆಯುಧಪೂಜೆ ಹಬ್ಬಕ್ಕೆ, ತೆಂಗಿನಕಾಯಿಗೆ ಗುಂಡು ಹೊಡೆಯೋದು ಬಿಟ್ಟಿರ್ಲಿಲ್ಲ. ಊಟಕ್ಕೆ ಕೂತವ್ರು ‘ಸಾಕು’ ಅಂದ್ರೆ ಬಡಿಸೋ ಮಾವನಿಗೆ ‘ಹಾಕು’ ಅಂತ ಕೇಳ್ಸಿ ಇನ್ನೊಂದು ಸೌಟು ಪಂದಿ ಕರಿ ಬೀಳೋದು, ಧಾರಾಳ ಮನಸ್ಸು ಅಂತ ಊರೆಲ್ಲ ಹೊಗಳೋದು. ಯಾವುದೋ ಕ್ಯಾಂಪಲ್ಲಿ ಟೆಸ್ಟೂ ಮಾಡ್ದೆ ಒಂದು ಮಿಷನ್ ತಗಲಿಸಿದ್ರು, ಸೌಟಿನ ಸದ್ದು ಸಿಡಿಲಿನ ಥರ ಕೇಳ್ಸುತ್ತೆ, ಮಾತು ಮಾತ್ರ ಅರ್ಥ ಆಗಲ್ಲ ಅಂತ ಅದನ್ನ ಬೀರುವಿಗೆ ಹಾಕಿಟ್ರು. ಆಮೇಲೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರ್ಕೊಂಡು ಹೋದ್ವಿ, ಮಾನಸಗಂಗೋತ್ರಿಯಲ್ಲಿರೋದು, 1965ರಲ್ಲಿ ಶುರುವಾಗಿದ್ದು, ಇಷ್ಟು ಹತ್ರ ಇಟ್ಕೊಂಡು ಕ್ಯಾಂಪಿಗೆ ಹೋಗ್ತೀವಿ ನೋಡಿ. ಅಲ್ಲಿ ಸದ್ದು ಬರದ ರೂಮಲ್ಲಿ ಕೂರ್ಸಿ 250ರಿಂದ 8000 ಹರ್ಟ್ಜ್‌ವರೆಗೆ (ನಂಬರ್ ಜಾಸ್ತಿ ಆದಷ್ಟೂ ಸ್ವರ ಮೇಲೆ) ಒಂದೊಂದೇ ಸ್ವರ ಕೇಳ್ಸಿ ಗ್ರಾಫ್ ಹಾಕಿದ್ರು, ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಿಸು ಚಿಹ್ನೆ. ನೀಲಿ ಗೆರೆ 4000ರ ಹತ್ರ ಹಳ್ಳಕ್ಕೆ ಬಿದ್ದಂಗೆ ಇಳಿದಿತ್ತು, ಅಂದ್ರೆ ಎಡಗಿವಿಗೆ ಆ ಸ್ವರ ಸರಿಯಾಗಿ ಕೇಳ್ತಿಲ್ಲ. ‘ಬಲಗೈಯವ್ರಾ, ಕೋವಿ ಹಿಡೀತಿದ್ರಾ?’ ಅಂತ ಟೆಸ್ಟ್ ಮಾಡಿದ ಹುಡುಗಿ ಕೇಳಿದ್ಲು, ಮಾವ ಕೂತಲ್ಲೇ ಎದೆ ಸೆಟೆಸಿದ್ರು. ಬಲ ಭುಜಕ್ಕೆ ಕೋವಿ ಕೊಟ್ಟಾಗ ಎಡಗಿವಿ ನಳಿಗೆ ಬಾಯಿಗೆ ಹತ್ರ, ಬಲಗಿವಿಗೆ ತಲೆಯೇ ಮರೆ. ಒಳಗಿವಿಯ ಸೂಕ್ಷ್ಮ ಕೂದಲು ಜೀವಕೋಶ ಒಮ್ಮೆ ಸತ್ರೆ ಮತ್ತೆ ಹುಟ್ಟಲ್ಲ, ಮೊದಲು ಹೋಗೋದು ಮೇಲಿನ ಸ್ವರ, ‘ಸ’ ಅಕ್ಷರದ ಸದ್ದು ಇರೋದೂ ಅಲ್ಲೇ. ಸಾಕು ಹಾಕು ಆಗೋದು ಹಂಗೆ.

ಆ ಗ್ರಾಫಿಗೆ ತಕ್ಕಂಗೆ ಮಿಷನ್ ಸೆಟ್ ಮಾಡಿ, ಅಭ್ಯಾಸ ಆಗೋಕೆ ಕೆಲವು ವಾರ ಬೇಕು ಅಂತ ಹೇಳಿ, ಮತ್ತೆ ಕರ್ಸಿ ಎರಡು ಸಲ ತಿದ್ದಿಕೊಟ್ರು. ಆಡಿಯಾಲಜಿಸ್ಟ್ ಕೆಲಸ ಅಂದ್ರೆ ಇದು. ಈ ಕೆಲಸ ಮಾಡೋರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸ್ಕೊಂಡಿರ್ಬೇಕು, ಆ ನಂಬರ್ ಕೇಳಿ. ಕುಶಾಲನಗರದ ಬ್ಯಾನರಲ್ಲಿ ಅದಿರ್ಲಿಲ್ಲ, ಡಿಸ್ಕೌಂಟ್ ಎಷ್ಟು ಅಂತ ಮಾತ್ರ ದಪ್ಪಕ್ಷರದಲ್ಲಿತ್ತು.