ಕಡಿದಷ್ಟೂ ಚಿಗುರುವ ಬಳ್ಳಾರಿ ಜಾಲಿ

ಪ್ರಶ್ನೆ: ನಮ್ಮ ಹೊಲ ಕುಷ್ಟಗಿ ತಾಲ್ಲೂಕಿನಲ್ಲಿದೆ. ಬದುವಿನ ಮೇಲೆ ಒಂದೇ ಒಂದು ಬಳ್ಳಾರಿ ಜಾಲಿ ಇತ್ತು. ಮೂರು ವರ್ಷದಿಂದ ಪ್ರತಿ ಬೇಸಿಗೆಯಲ್ಲಿ ಬುಡಸಮೇತ ಕಡಿಸುತ್ತಿದ್ದೇವೆ. ಒಂದು ಕಾಂಡವಿದ್ದದ್ದು ಈಗ ಏಳೆಂಟು ಕವಲಾಗಿ ಮೊದಲಿಗಿಂತ ದಟ್ಟವಾಗಿದೆ. ನೀರು ಹಾಕಿ ಸಾಕಿದ ಮಾವಿನ ಸಸಿ ಒಣಗಿ ಹೋಯಿತು, ಇದು ಕಡಿದರೂ ಸಾಯುವುದಿಲ್ಲ. ಏಕೆ? ಇನ್ನೊಂದು ಮಾತು: ಬನ್ನಿ ಮರವೂ ಇದೇ ಬಳಗದ್ದು ಎನ್ನುತ್ತಾರೆ, ನಿಜವೇ?

ಉತ್ತರ: ಈ ಪ್ರಶ್ನೆ ಹೊಸದಲ್ಲ. ಸಿಂಧನೂರಿನ ಕಾಲುವೆ ಬದಿಯವರು ಕೇಳಿದ್ದಾರೆ, ಸಿರುಗುಪ್ಪದ ಗದ್ದೆಯವರು ಕೇಳಿದ್ದಾರೆ. ಮಾತು ಬೇರೆ ಬೇರೆ, ಸಿಟ್ಟು ಮಾತ್ರ ಒಂದೇ. ನೇರವಾಗಿ ಹೇಳಿಬಿಡುತ್ತೇನೆ: ಮೂರು ವರ್ಷ ನೀವು ಆ ಗಿಡಕ್ಕೆ ಮಾಡಿಸಿದ್ದು ಕ್ಷೌರ. ‘ಬುಡಸಮೇತ’ ಎಂದು ಬರೆದಿದ್ದೀರಿ, ಆದರೆ ಕೊಡಲಿ ನಿಂತಿರುವುದು ನೆಲದ ಮಟ್ಟದಲ್ಲಿ. ಜಾಲಿಯ ನಿಜವಾದ ಬುಡ ಅಲ್ಲಿಂದ ಇನ್ನೂ ಒಂದು ಗೇಣು ಕೆಳಗಿದೆ.

ಇದು ಅರ್ಥವಾಗಬೇಕಾದರೆ ಗಿಡ ಬೆಳೆಯುವ ಕ್ರಮವನ್ನು ಸ್ವಲ್ಪ ನೋಡಬೇಕು. ಮಗು ಬೆಳೆಯುವಾಗ ಕೈಕಾಲು, ಮುಖ, ಬೆನ್ನು ಎಲ್ಲವೂ ಒಟ್ಟಿಗೆ ಹಿಗ್ಗುತ್ತವೆ. ಗಿಡದ ಲೆಕ್ಕ ಹಾಗಲ್ಲ. ಉದ್ದ ಬೆಳೆಯುವುದು ಕುಡಿಯಲ್ಲಿ ಮತ್ತು ಬೇರಿನ ತುದಿಯಲ್ಲಿ. ಮರ ದಪ್ಪವಾಗುವುದು ತೊಗಟೆಯ ಒಳಗಿರುವ ಒಂದು ತೆಳು ಪದರದಿಂದ. ನಡುವಿನ ಕಾಂಡ ಮೇಲಕ್ಕೆ ಎಳೆದುಕೊಳ್ಳುವುದೇ ಇಲ್ಲ. ಹತ್ತು ವರ್ಷದ ಹಿಂದೆ ಬೇವಿನ ಮರಕ್ಕೆ ಎದೆಯೆತ್ತರದಲ್ಲಿ ಹೊಡೆದ ಮೊಳೆ ಇವತ್ತಿಗೂ ಎದೆಯೆತ್ತರದಲ್ಲೇ ಇರುತ್ತದೆ. ಮರ ಅದನ್ನು ಅರ್ಧ ನುಂಗಿರಬಹುದು, ಅಷ್ಟೇ.

ಕುಡಿ ಬೆಳೆಯುತ್ತಾ ಹೋದಂತೆ ಪ್ರತಿ ಎಲೆಯ ಕಂಕುಳಲ್ಲೂ ಒಂದೊಂದು ಮೊಗ್ಗನ್ನು ಬಿಟ್ಟು ಹೋಗುತ್ತದೆ. ನಾವು ‘ಕಣ್ಣು’ ಎನ್ನುವುದು ಇದನ್ನೇ. ಇವುಗಳಲ್ಲಿ ಬಹುಪಾಲು ಮಲಗಿಯೇ ಇರುತ್ತವೆ, ಏಕೆಂದರೆ ತುದಿಯ ಕುಡಿ ಅವನ್ನು ಏಳಲು ಬಿಡುವುದಿಲ್ಲ. ಕುಡಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಚೋದಕ ಕೆಳಗಿಳಿಯುತ್ತಿರುವಷ್ಟು ಕಾಲ ಪಕ್ಕದ ಕಣ್ಣುಗಳು ತೆಪ್ಪಗಿರುತ್ತವೆ. ಕುಡಿಯನ್ನು ತೆಗೆದರೆ ಆ ಹಿಡಿತ ಸಡಿಲವಾಗುತ್ತದೆ. ಬೇರಿನಿಂದ ಮೇಲೆ ಬರುವ ಸೈಟೋಕೈನಿನ್ ಎಂಬ ಇನ್ನೊಂದು ಚೋದಕ, ಜೊತೆಗೆ ಇಲ್ಲಿಯವರೆಗೆ ತುದಿಗೆ ಸಲ್ಲುತ್ತಿದ್ದ ಸಕ್ಕರೆ, ಎರಡೂ ಪಕ್ಕದ ಕಣ್ಣುಗಳ ಪಾಲಾಗುತ್ತವೆ.

ಇದು ನಮ್ಮ ರೈತರಿಗೆ ಗೊತ್ತಿಲ್ಲದ ವಿಷಯವಲ್ಲ. ತೊಗರಿಯ ಕುಡಿ ಚಿವುಟುತ್ತೇವೆ, ಹತ್ತಿಯ ಕುಡಿ ಚಿವುಟುತ್ತೇವೆ, ಅದೂ ಕೂಲಿ ಕೊಟ್ಟು. ಚಿವುಟಿದರೆ ಪಕ್ಕದ ಟೊಂಗೆ ಹೆಚ್ಚಾಗಿ ಕಾಯಿ ಹೆಚ್ಚು ಕಟ್ಟುತ್ತದೆ ಎಂಬ ನಂಬಿಕೆಯ ಹಿಂದಿರುವುದು ಇದೇ ಆಕ್ಸಿನ್ ಕಥೆ. ತೊಗರಿಗೆ ಬೆರಳಿನಿಂದ ಮಾಡುವುದನ್ನು ನೀವು ಜಾಲಿಗೆ ಕೊಡಲಿಯಿಂದ ಮಾಡಿದ್ದೀರಿ. ಒಂದು ಕಾಂಡ ಏಳೆಂಟಾದದ್ದರಲ್ಲಿ ಆಶ್ಚರ್ಯವಿಲ್ಲ.

ಅಷ್ಟು ರಭಸವಾಗಿ ಬೆಳೆದದ್ದೇಕೆ ಎನ್ನುವುದಕ್ಕೂ ಉತ್ತರ ಮಣ್ಣಿನೊಳಗಿದೆ. ಮೇಲಿನ ಮರ ಹೋಯಿತು, ಆದರೆ ಆ ಮರವನ್ನು ಸಾಕುತ್ತಿದ್ದ ಬೇರು ಪೂರ್ತಿ ಉಳಿಯಿತು. ಬೇರಿನಲ್ಲಿ ಕೂಡಿಟ್ಟ ಪಿಷ್ಟವೂ ಉಳಿಯಿತು. ನೂರು ಜನಕ್ಕೆ ಮಾಡಿಟ್ಟ ಅಡುಗೆಗೆ ಎಂಟೇ ಜನ ಪಂಕ್ತಿಯಲ್ಲಿ ಕುಳಿತಂತೆ. ಜೋಳ, ಕಬ್ಬಿನ ಕೂಳೆ ಬೆಳೆ ಬೇಗ ಏಳುವುದೂ ಹೀಗೆಯೇ. ಎಲ್ಲ ಮರಕ್ಕೂ ಈ ಭಾಗ್ಯವಿಲ್ಲ ಎಂಬುದನ್ನೂ ನೆನಪಿಡಿ. ತೆಂಗಿನ ಮರಕ್ಕೆ ಇರುವುದು ಒಂದೇ ಕುಡಿ. ತಲೆ ಹೋದರೆ ಮರ ಹೋಯಿತು.

ಈಗ ಆ ‘ಒಂದು ಗೇಣು ಕೆಳಗೆ’ ಎಂಬ ಮಾತಿಗೆ ಬರೋಣ. ಜಾಲಿ ಬೀಜ ಮೊಳೆತಾಗ ಮೊದಲು ಕಾಣುವುದು ಎರಡು ಬೀಜದಳಗಳು. ಅವು ಕೂಡುವ ಗಣ್ಣಿನಲ್ಲಿ ಗಿಡದ ಅತ್ಯಂತ ಕೆಳಗಿನ ಕಣ್ಣುಗಳಿರುತ್ತವೆ. ವರ್ಷಗಳು ಕಳೆದಂತೆ ಗಾಳಿಯ ಧೂಳು, ಮಳೆಯ ರೇವೆ, ಬದುವಿಗೆ ಏರಿಸಿದ ಮಣ್ಣು ಸೇರಿ ಆ ಗಣ್ಣು ನೆಲದೊಳಗೆ ಹೂತು ಹೋಗುತ್ತದೆ. ಮೇಲೆ ಬೆಂಕಿ ಬಿದ್ದರೂ, ಕೊಡಲಿ ಬಿದ್ದರೂ ಮಣ್ಣಿನ ಹೊದಿಕೆಯಡಿ ಆ ಕಣ್ಣುಗಳಿಗೆ ಏನೂ ಆಗುವುದಿಲ್ಲ. ಬೊಡ್ಡೆಗೆ ಬೆಂಕಿ ಇಟ್ಟವರು ಮುಂದಿನ ಮಳೆಗಾಲದಲ್ಲಿ ಪೆಚ್ಚಾಗುವುದು ಇದಕ್ಕೇ. ಅದಕ್ಕಿಂತ ಕೆಳಗಿರುವ ಶುದ್ಧ ಬೇರಿಗೆ ಸಾಮಾನ್ಯವಾಗಿ ಚಿಗುರುವ ಶಕ್ತಿ ಇಲ್ಲ. ಹಾಗಾಗಿ ಇಡೀ ಬೇರನ್ನು ಕಿತ್ತು ಪಾತಾಳ ನೋಡುವ ಅಗತ್ಯ ಬೀಳುವುದಿಲ್ಲ.

ಕಿತ್ತರೂ ಮುಗಿಯುವುದಿಲ್ಲ ಬಿಡಿ. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದ ಬಳಿ ತೆರೆದ ಗಣಿ ಅಗೆಯುವಾಗ ಇದೇ ಬಳಗದ ಮರದ ಬೇರುಗಳು 53 ಮೀಟರ್ ಆಳದಲ್ಲಿ ಸಿಕ್ಕವೆಂದು 1963ರಲ್ಲಿ ವರದಿಯಾಗಿದೆ. ಸಂಡೂರಿನ ಗಣಿಗಳ ಅಂಚಿನಲ್ಲಿ ನಿಂತು ಕೆಳಗೆ ನೋಡಿದವರಿಗೆ ಈ ಆಳ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ಬದುವಿನ ಜಾಲಿ ಅಷ್ಟು ದೂರ ಇಳಿಯಬೇಕೆಂದಿಲ್ಲ, ಮಸಾರಿ ನೆಲದ ಅಡಿ ಕಲ್ಲೇ ಅಡ್ಡ ಬರುತ್ತದೆ. ಆದರೂ ಅದರ ಸ್ವಭಾವ ಅದೇ. ಮೊಳಕೆಯೊಡೆದ ಸಸಿ ಮೇಲೆ ನಾಲ್ಕು ಎಲೆ ಬಿಡುವಷ್ಟರಲ್ಲಿ ಕೆಳಗೆ ಉದ್ದನೆಯ ತಾಯಿಬೇರನ್ನು ಇಳಿಸಿರುತ್ತದೆ. ಆಮೇಲೆ ನೆಲದ ಮೇಲ್ಪದರದಲ್ಲಿ ಸುತ್ತಲೂ ಹರಡುವ ಬೇರುಗಳು ಬರುತ್ತವೆ. ಆಳದ ಬೇರು ಬೇಸಿಗೆಗೆ, ಮೇಲಿನ ಬೇರು ಅರ್ಧ ಗಂಟೆ ಸುರಿದು ಹೋಗುವ ಅಡ್ಡಮಳೆಗೆ. ನಿಮ್ಮ ಮಾವಿನ ಸಸಿ ಒಣಗಿದ್ದು ಏಕೆಂದು ಈಗ ಊಹಿಸಬಹುದು. ದಿನಾ ಮೇಲೆ ಮೇಲೆ ಕೊಡ ನೀರು ಹಾಕಿದರೆ ಬೇರು ಮೇಲೆಯೇ ಉಳಿಯುತ್ತದೆ, ಎರಡು ದಿನ ತಪ್ಪಿದರೆ ಸಸಿ ಬಾಡುತ್ತದೆ.

ಎಲೆಯ ವಿಚಾರ ಚಿಕ್ಕದು, ಆದರೆ ಜಾಣತನದ್ದು. ದೊಡ್ಡ ಎಲೆ ಬಿಸಿಲಿಗೆ ಬಾಣಲೆಯಂತೆ ಕಾಯುತ್ತದೆ. ತಣ್ಣಗಾಗಲು ಅದು ಪತ್ರರಂಧ್ರ ತೆರೆದು ನೀರನ್ನು ಆವಿಯಾಗಿಸಬೇಕು. ಜಾಲಿಯ ಸಣ್ಣ ಸಣ್ಣ ಎಲೆಚೂರುಗಳ ಸುತ್ತ ಗಾಳಿ ಸುಲಭವಾಗಿ ಹಾಯುವುದರಿಂದ ಬಿಸಿ ತಾನಾಗಿ ಇಳಿದು ಹೋಗುತ್ತದೆ, ನೀರು ಉಳಿಯುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬಂದರೆ ಒಳ್ಳೆಯ ವರ್ಷ ಎನ್ನುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಉಳಿತಾಯವಲ್ಲ. ಬೇರಿನ ಗಂಟುಗಳಲ್ಲಿ ವಾಸಿಸುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ, ಆದ್ದರಿಂದ ಬಡ ಮಣ್ಣೂ ಸಾಕು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು ಹತ್ತಿ ಬೆಳೆ ನಿಂತುಹೋದ ನೆಲದಲ್ಲೂ ಇದು ಹಸಿರಾಗಿ ನಿಂತಿರುವುದನ್ನು ನೀವೇ ಕಂಡಿರುತ್ತೀರಿ.

ಇಷ್ಟೆಲ್ಲ ಕೇಳಿದರೆ ಇದು ನಮ್ಮ ಮಣ್ಣಿನಲ್ಲೇ ಹುಟ್ಟಿ ಪಳಗಿದ ಗಿಡ ಎನಿಸಬಹುದು. ಹೆಸರಿನಲ್ಲೇ ಬಳ್ಳಾರಿ ಇದೆಯಲ್ಲ! ಇದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗ. 1876ರಲ್ಲಿ ಮದ್ರಾಸ್ ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾಗಿದ್ದ ಬೆಡೋಮ್ ಎಂಬ ಸಸ್ಯಶಾಸ್ತ್ರಜ್ಞ ಈ ಬೀಜಕ್ಕಾಗಿ ಬರೆದರು. ಜಮೈಕಾದಿಂದ ಬಂದ ಬೀಜವನ್ನು 1877ರಲ್ಲಿ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಬಿತ್ತಲಾಯಿತು. ಬಳ್ಳಾರಿಯೂ ಆಗ ಮದ್ರಾಸ್ ಪ್ರಾಂತದಲ್ಲೇ ಇತ್ತು, ಮತ್ತು ಅವು ಈ ಸೀಮೆಯನ್ನು ಹಿಂಡಿ ಹಾಕಿದ ಮಹಾ ಬರಗಾಲದ ವರ್ಷಗಳು. ನೀರು ಕೇಳದ, ಉರುವಲು ಕೊಡುವ ಮರ ಯಾರಿಗೆ ಬೇಡವಾಗಿತ್ತು? ಆಗಿನವರನ್ನು ಬೈಯುವುದು ಸುಲಭ, ನನಗೆ ಮಾತ್ರ ಮನಸ್ಸು ಬರುವುದಿಲ್ಲ. ತೆಲುಗರು ಇದನ್ನು ‘ಸರ್ಕಾರು ತುಮ್ಮ’ ಎನ್ನುತ್ತಾರೆ, ತಂದವರು ಯಾರೆಂಬುದನ್ನು ಆ ಹೆಸರು ಮರೆತಿಲ್ಲ. ನಾವೋ ನಮ್ಮ ಊರಿನ ಹೆಸರನ್ನೇ ಕೊಟ್ಟು ಮನೆಮಗನನ್ನಾಗಿ ಮಾಡಿಕೊಂಡೆವು.

ಒಂದು ಮರ ಹಠಮಾರಿಯಾದರೆ ಸಾಲದು, ಹರಡಲೂ ಬೇಕು. ನನಗೆ ಇದರ ಅತ್ಯಂತ ಚಂದದ ಭಾಗ ಎನಿಸುವುದು ಈ ಹರಡುವ ಬಗೆ. ಜಾಲಿಯ ತಿಳಿಹಳದಿ ಹೂತೆನೆಯನ್ನು ಹತ್ತಿರದಿಂದ ನೋಡಿ. ಒಂದು ಹೂವೆಂದು ಕಾಣುವುದು ನೂರಾರು ಪುಟ್ಟ ಹೂಗಳ ಸಾಲು. ಸಾಮಾನ್ಯವಾಗಿ ತನ್ನದೇ ಪರಾಗದಿಂದ ಇದು ಕಾಯಿ ಕಟ್ಟುವುದಿಲ್ಲ, ಇನ್ನೊಂದು ಮರದ ಪರಾಗವನ್ನು ಜೇನ್ನೊಣ ತಂದುಕೊಡಬೇಕು. ಆದ್ದರಿಂದ ನೂರಾರು ಹೂಗಳಿಗೆ ಕಟ್ಟುವುದು ಬೆರಳೆಣಿಕೆಯ ಕಾಯಿ. ಕಡಿಮೆಯಾಯಿತು ಎಂದು ಸಮಾಧಾನಪಡಬೇಡಿ, ಒಂದೊಂದು ಕಾಯಿಯಲ್ಲೂ ಹತ್ತಿಪ್ಪತ್ತು ಬೀಜಗಳಿರುತ್ತವೆ.

ಇದರ ಎಲೆಗೆ ಆಡು ಕೂಡ ಬಾಯಿ ಹಾಕುವುದು ಕಡಿಮೆ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ಜಾಲಿ ಒಂದು ತೊಡಕು. ಎಲೆಯಲ್ಲಿರುವ ಒಗರು ಮತ್ತು ಕಹಿ ರಾಸಾಯನಿಕಗಳು ಅದನ್ನು ಕಾಯುತ್ತವೆ. ಆದರೆ ಅದೇ ಗಿಡ ಕಾಯಿಗೆ ಮಾತ್ರ ಸಕ್ಕರೆ ತುಂಬಿಸಿ, ಬೇಸಿಗೆಯಲ್ಲಿ ಬೇರೆ ಮೇವು ಕಾಣದ ಹೊತ್ತಿಗೆ ಕೆಳಗೆ ಉದುರಿಸುತ್ತದೆ. ಎಲೆ ನನ್ನದು, ಕಾಯಿ ನಿನ್ನದು, ಬೀಜವನ್ನು ಮಾತ್ರ ದೂರ ಕೊಂಡೊಯ್ದು ಬಿಡು ಎಂಬ ಒಪ್ಪಂದ ಇದು. ಬೀಜದ ಸುತ್ತ ಗಟ್ಟಿ ಕರಟವಿದೆ, ಅದರೊಳಗೆ ನೀರು ಇಳಿಯದ ಸಿಪ್ಪೆಯಿದೆ. ಹೆಸರುಕಾಳು ನೆನೆಹಾಕಿದಾಗ ಒಂದೆರಡು ಕಾಳು ಬೆಳಗಾದರೂ ಕಲ್ಲಿನಂತೆ ಉಳಿದು ಹಲ್ಲಿಗೆ ಸಿಗುವುದಿಲ್ಲವೇ? ಅದೂ ಇದೇ ಗುಣ. ನೀರು ಒಳಹೋಗದೆ ಮೊಳಕೆ ಇಲ್ಲ. ಜಾಲಿಯಲ್ಲಿ ಬಹುತೇಕ ಬೀಜಗಳೇ ಹೀಗೆ. ದನಕುರಿಗಳ ಹಲ್ಲು ಮತ್ತು ಹೊಟ್ಟೆ ಕರಟವನ್ನು ಒಡೆದು, ಸಿಪ್ಪೆಯನ್ನು ಸವೆಸುತ್ತವೆ. ಹೊರಗೆ ಬರುವಾಗ ಬೀಜಕ್ಕೆ ಹಸಿ ಸಗಣಿಯ ಗೊಬ್ಬರ, ತೇವ ಎರಡೂ ಸಿದ್ಧ. ಕುರಿ, ಆಡು ಹೆಚ್ಚು ಅಗಿಯುವುದರಿಂದ ಅವುಗಳ ಹೊಟ್ಟೆಯಲ್ಲಿ ನಾಶವಾಗುವ ಬೀಜ ಹೆಚ್ಚು, ದನದ ಸಗಣಿಯಲ್ಲಿ ಬದುಕಿ ಬರುವ ಬೀಜ ಹೆಚ್ಚು. ಹಾಗೆಂದು ಕುರಿಯ ಹಿಕ್ಕೆ ನಿರಪರಾಧಿಯಲ್ಲ. ಬೇಸಿಗೆಯಲ್ಲಿ ಜಾಲಿ ಕಾಯಿ ತಿಂದ ಹಿಂಡನ್ನು ಹೊಲದಲ್ಲಿ ತರುಬಿಸಿದರೆ ಗೊಬ್ಬರದ ಜೊತೆಗೆ ಬಿತ್ತನೆಯೂ ಆಗುತ್ತದೆ. ಎಲ್ಲ ಬೀಜಗಳೂ ಒಂದೇ ಮಳೆಗೆ ಏಳುವುದಿಲ್ಲ. ಸಿಪ್ಪೆ ಪೂರ್ತಿ ಸವೆಯದ ಬೀಜಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತವೆ.

ಹಾಗಾದರೆ ಮಾಡುವುದೇನು? ಮೃಗಶಿರ ಮಳೆಯ ನಂತರ ನೆಲ ಹದವಾದಾಗ ಬೊಡ್ಡೆಯ ಸುತ್ತ ಹಾರೆ, ಗುದ್ದಲಿ ಹಾಕಿ ಒಂದು ಅಡಿ ಆಳಕ್ಕೆ ಬಿಡಿಸಿ. ಕಾಂಡ ಮುಗಿದು ಬೇರು ಶುರುವಾಗುವ ಜಾಗ ಕಣ್ಣಿಗೆ ಕಾಣುತ್ತದೆ. ಅದರ ಕೆಳಗೆ ಕಡಿದು, ಮೇಲಿನ ಗಡ್ಡೆಯಂತಹ ಭಾಗವನ್ನು ಪೂರ್ತಿ ಹೊರಗೆ ತೆಗೆಯಿರಿ. ಜೆಸಿಬಿ ತರಿಸುವುದಾದರೂ ಇದನ್ನೇ ಹೇಳಿ ಮಾಡಿಸಿ. ಮೇಲೆ ಮೇಲೆ ಗೀರಿ ಹೋದರೆ ಬಾಡಿಗೆ ದಂಡ. ಅಗೆಯಲಾಗದ ಜಾಗವಾದರೆ ಚಿಗುರು ಬಂದು ಎಲೆ ಪೂರ್ತಿ ಬಿಚ್ಚಿದ ಕೂಡಲೇ ಕಡಿಯಿರಿ, ಮತ್ತೆ ಚಿಗುರಿದರೆ ಮತ್ತೆ ಕಡಿಯಿರಿ. ಹೊಸ ಎಲೆಗೆ ಖರ್ಚು ಮಾಡಿ ಬೇರಿನ ಉಗ್ರಾಣ ತೀರಾ ಬರಿದಾಗಿರುವ ಹೊತ್ತು ಅದು. ವರ್ಷಕ್ಕೊಮ್ಮೆ ಕಡಿದರೆ ಉಗ್ರಾಣ ತುಂಬಿಕೊಳ್ಳಲು ಹನ್ನೊಂದು ತಿಂಗಳು ರಜೆ ಕೊಟ್ಟಂತೆ. ಬೊಡ್ಡೆಗೆ ಉಪ್ಪು ಸುರಿಯುವ ಸಲಹೆ ಊರಲ್ಲಿ ಓಡಾಡುತ್ತಿದೆ. ಜಾಲಿ ಉಪ್ಪನ್ನು ತಾಳಿಕೊಳ್ಳುತ್ತದೆ, ನಿಮ್ಮ ಸಜ್ಜೆ ಅಷ್ಟು ತಾಳುವುದಿಲ್ಲ.

ದೊಡ್ಡ ಗಿಡ ಹೋದ ಜಾಗದಲ್ಲಿ ಮುಂದಿನ ಎರಡು ಮೂರು ಮಳೆಗಾಲ ಸಸಿಗಳು ಏಳುತ್ತವೆ. ಬೀಜದಳ ಇನ್ನೂ ಅಂಟಿಕೊಂಡಿರುವ ಎಳೆ ಸಸಿಯನ್ನು ಆ ಗಣ್ಣಿನ ಕೆಳಗೆ ಕತ್ತರಿಸಿದರೆ ಸಾಕು, ಚಿಗುರಲು ಅದಕ್ಕೆ ಕಣ್ಣೇ ಉಳಿಯುವುದಿಲ್ಲ. ಕುಡಗೋಲಿನ ತುದಿಯಿಂದ ಆಗುವ ಕೆಲಸ. ಮೂರು ವರ್ಷ ಬಿಟ್ಟರೆ ಅದೇ ಗಿಡಕ್ಕೆ ಮತ್ತೆ ಹಾರೆ ಹುಡುಕಬೇಕು.

ಇನ್ನು ಬನ್ನಿಯ ಮಾತು. ನೀವು ಕೇಳಿದ್ದು ನಿಜ. ಬನ್ನಿ ಎಂಬ ಹೆಸರಿನಲ್ಲಿ ಊರಿಗೊಂದು ಗಿಡ ನಡೆಯುವುದುಂಟು, ನಾನು ಹೇಳುತ್ತಿರುವುದು ಸಂಸ್ಕೃತದಲ್ಲಿ ಶಮಿ ಎನ್ನುವ ಮರ. ಎರಡನ್ನೂ ಬಹುಕಾಲ ಪ್ರೊಸೊಪಿಸ್ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. 2022ರಲ್ಲಿ ವಿಜ್ಞಾನಿಗಳು ಆ ಕುಲವನ್ನು ಒಡೆದು, ಜಾಲಿಯನ್ನು ನೆಲ್ಟುಮಾ ಎಂಬ ಬೇರೆ ಕುಲಕ್ಕೆ ಕಳಿಸಿದರು. ಬನ್ನಿ ಪ್ರೊಸೊಪಿಸ್ ಆಗಿಯೇ ಉಳಿಯಿತು. ದಾಯಾದಿಗಳು ಮನೆ ಬೇರೆ ಮಾಡಿಕೊಂಡರು ಎನ್ನಿ. ಎಳೆಯದಾಗಿದ್ದಾಗ ಎರಡೂ ಒಂದೇ ರೀತಿ ಕಾಣುವುದರಿಂದ ಬದು ಸ್ವಚ್ಛ ಮಾಡುವ ಭರದಲ್ಲಿ ಬನ್ನಿಯೂ ಹೋಗುತ್ತದೆ. ಟೊಂಗೆಯ ಮುಳ್ಳು ನೋಡಿ. ಜಾಲಿಯಲ್ಲಿ ಎಲೆ ಹುಟ್ಟುವ ಗಣ್ಣಿನಲ್ಲೇ ಮುಳ್ಳಿರುತ್ತದೆ, ಹೆಚ್ಚಾಗಿ ಜೋಡಿಯಾಗಿ. ಬನ್ನಿಯಲ್ಲಿ ಗಣ್ಣು ಗಣ್ಣುಗಳ ನಡುವೆ ಚಿಕ್ಕ ಮುಳ್ಳುಗಳು ಚದುರಿಕೊಂಡಿರುತ್ತವೆ. ಕೂಲಿಯವರಿಗೆ ಕೊಡಲಿ ಕೊಡುವ ಮೊದಲು ಒಂದೊಂದು ಟೊಂಗೆ ಮುರಿದು ಈ ವ್ಯತ್ಯಾಸ ತೋರಿಸಿ.